ದುರ್ಗಿಯ ಸರದಿ

ಗೋಪಾಳದ ನಮ್ಮ ಬೀದಿಯಲ್ಲಿ ಸುವರ್ಣಮ್ಮ ಎಂದರೆ ಎಲ್ಲರಿಗೂ ನೆನಪಾಗುವುದು ಅವರ ಹಲಸಿನ ಹಪ್ಪಳ ಮತ್ತು ಎರಡು ಬೀದಿಗೆ ಕೇಳುವ ಗಂಟಲು. ಅವರು ಫೋನಿನೊಳಗೆ ಗಡ್ಡದ ದೈತ್ಯನಾಗಿ, ಗದೆ ಹಿಡಿದು ರಾಕ್ಷಸರನ್ನು ಬಡಿಯುವುದು ಮಗ ಶ್ರೇಯಸ್‌ಗೂ ಪಕ್ಕದ ಮನೆಯ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಯಜಮಾನರಾದ ಕೃಷ್ಣಪ್ಪನವರಿಗಂತೂ ಗೊತ್ತೇ ಇಲ್ಲ ಎಂದು ಸುವರ್ಣಮ್ಮ ನಂಬಿದ್ದಾರೆ. ನಿಜವಾಗಿ ಅವರಿಗೂ ಗೊತ್ತು. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿರುವಾಗ ಯಾಕೆ ಬಾಯಿ ಬಿಡಬೇಕು ಎಂದು ಸುಮ್ಮನಿದ್ದಾರೆ.

ಈ ಆಟದ ಹುಚ್ಚು ಹಚ್ಚಿದವನು ಶ್ರೇಯಸ್. ಆಟ ಪುಕ್ಕಟೆ, ಆದರೆ ದಿನಾ ಒಳಗೆ ಹೋಗಿ ಹಾಜರಿ ಹಾಕದಿದ್ದರೆ ಕೂಡಿಟ್ಟ ಶಕ್ತಿ ಕರಗಿಹೋಗುತ್ತದಂತೆ. ಪರೀಕ್ಷೆ ಬಂದಾಗ, "ಅಮ್ಮ, ಓದೋದು ಮುಗಿಯೋ ತನಕ ಇವನನ್ನ ನೋಡ್ಕೊ" ಎಂದು ನಾಯಿಮರಿ ಒಪ್ಪಿಸಿದ ಹಾಗೆ ದೈತ್ಯನನ್ನು ಒಪ್ಪಿಸಿದ. ಪರೀಕ್ಷೆ ಮುಗಿಯಿತು. ಅವನಿಗೆ ಆಟ ಬೇಸರವಾಯಿತು, ಅಮ್ಮನಿಗೆ ಆಗಲಿಲ್ಲ. ಹೆಸರು ಬದಲಿಸಲು ಆಟ ದುಡ್ಡು ಕೇಳುವುದರಿಂದ ದೈತ್ಯ ಶ್ರೇಯಸ್ಸಾಗಿಯೇ ಉಳಿದ. ಜೊತೆಗಾರರೆಲ್ಲ ಸುವರ್ಣಮ್ಮನಿಗೆ 'ಬ್ರೋ' ಎಂದು ಬರೆಯುತ್ತಿದ್ದರು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಬುದ್ಧಿ ಹೇಳುವ ಚಟ ನನಗೆ ಸ್ವಲ್ಪ ಜಾಸ್ತಿಯೇ. "ಏನಾಂಟಿ, ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಹಾಗಾಯ್ತು" ಎಂದು ರೇಗಿಸುತ್ತಿದ್ದೆ.

"ನಿಂಗೆ ತಿಳಿಯಲ್ಲ ಮಾರಾಯ್ತಿ. ಇದು ಮುಯ್ಯಾಳು" ಎನ್ನುತ್ತಿದ್ದರು.

ಅವರ ತವರಿನಲ್ಲಿ ಭತ್ತದ ನಾಟಿಗೆ ಕೂಲಿಯವರನ್ನು ಕರೆಯುತ್ತಿರಲಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಬಂದವರಿಗೆ ಊಟ ಹಾಕಬೇಕು, ಅವರು ಕರೆದಾಗ ಹೋಗಬೇಕು. ದುಡ್ಡು ಕೊಡಲು ಹೋದರೆ ಜಗಳವೇ. ಪೇಟೆಗೆ ಬಂದ ಮೇಲೆ ಅವರನ್ನು ಅಂಥ ಕೆಲಸಕ್ಕೆ ಯಾರೂ ಕರೆದಿರಲಿಲ್ಲ. ಆಟದಲ್ಲಿ ತಂಡದ ಮುಖ್ಯಸ್ಥೆಯಾದಾಗ ಅದೇ ಕಟ್ಟಳೆ ತಂದರು. ಏಳು ಹೆಡೆಯ ಸರ್ಪವನ್ನು ಒಬ್ಬರೇ ಕೊಲ್ಲಲಾಗುವುದಿಲ್ಲ. ಎಲ್ಲರೂ ಸೇರಿ ಹೊಡೆಯಬೇಕು, ಸಿಕ್ಕ ನಿಧಿ ಆ ಸಲದ ಸರದಿಯವರಿಗೆ, ಅವರು ಆಟದಲ್ಲಿ ಹಾಜರಿದ್ದರೆ ಮಾತ್ರ. ದುಡ್ಡು ಸುರಿದು ಆಡುವ ತಂಡಗಳ ನಡುವೆ ಈ ಬರಿಗೈ ತಂಡ ಹೀಗೆ ತಲೆ ಎತ್ತಿತು.

ಆ ತಂಡದಲ್ಲಿ ದುರ್ಗಿ ಎಂಬ ಕತ್ತಿವರಸೆಯವಳಿದ್ದಳು. ಯಾರ ಸರದಿಯಿದ್ದರೂ ಮುಂದೆ ನಿಲ್ಲುವವಳು ಅವಳೇ. ಒಮ್ಮೆ ನೆಟ್‌ವರ್ಕ್ ಕೈಕೊಟ್ಟು ಸುವರ್ಣಮ್ಮನ ದೈತ್ಯ ನೆಲಕ್ಕೆ ಬಿದ್ದಾಗ, ಅವನು ಏಳುವ ತನಕ ಅಡ್ಡ ನಿಂತು ಹೊಡೆತ ತಿಂದಿದ್ದಳು. ಎಲ್ಲರ ಸರದಿಯೂ ಆಗಿ ಉಳಿದದ್ದು ಅವಳದೊಂದೇ. ಅವಳಿಗೆ ಬೇಕಿದ್ದದ್ದು ಸರ್ಪದ ನಿಧಿಯಲ್ಲಿ ಸಿಗುವ ರೆಕ್ಕೆಯ ಕುದುರೆ. ಅದನ್ನು ಹತ್ತಿದರೆ ಆಟದ ಲೋಕವನ್ನೆಲ್ಲ ಮೇಲಿನಿಂದ ನೋಡಬಹುದಂತೆ. ಆದರೆ ಅವಳು ವಾರಗಟ್ಟಲೆ ಆಟದ ಕಡೆ ಸುಳಿಯಲಿಲ್ಲ. ಬರೆದರೆ ಉತ್ತರವಿಲ್ಲ. ಭಾನುವಾರ ಸಂಜೆಗೆ ಆ ಋತು ಮುಗಿಯುತ್ತದೆ, ಆಮೇಲೆ ಈ ಸರ್ಪವೂ ಇಲ್ಲ, ಈ ಕುದುರೆಯೂ ಇಲ್ಲ.

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಸುನಿಲ್ ತಂಡದ ಎರಡನೆಯವನು. ಅವನು ಬರೆದ: "ಬ್ರೋ, ದುರ್ಗಿ ಗೇಮ್ ಬಿಟ್ಟಾಯ್ತು. ತೆಗೆದ್ಹಾಕಿ. ನಮ್ಮ ಶೆಡ್‌ನಲ್ಲಿ ಒಬ್ಬ ಒಳ್ಳೆ ಪ್ಲೇಯರ್ ಇದಾನೆ." ಉಳಿದವರು ಹೌದೆಂದರು.

ಸುವರ್ಣಮ್ಮನಿಗೆ ಆ ದಿನ ಅನ್ನ ಸೇರಲಿಲ್ಲ. "ಎಲ್ಲರ ಗದ್ದೆಲೂ ಗೇದವಳು ಕಣೇ ಮಂಜುಶ್ರೀ. ಅವಳ ಗದ್ದೆ ಹಂಗೇ ಬಿಟ್ರೆ ನಾನು ಮನುಷ್ಯಳಾ?"

ಹಿಂದೊಮ್ಮೆ ದುರ್ಗಿ, 'ಜನ್ನಾಪುರದಲ್ಲಿ ಹೂವಿನಂಗಡಿ ಮುಚ್ಚಿ ಬರ್ತೀನಿ' ಎಂದು ಬರೆದಿದ್ದಳು. ಅಷ್ಟೇ ಸುಳಿವು. ಭಾನುವಾರ ಊಟವಾದ ಕೂಡಲೇ ಗಂಡನಿಗೆ ನನ್ನ ನೆಪ ಹೇಳಿ, ನನ್ನನ್ನು ಎಳೆದುಕೊಂಡು ಭದ್ರಾವತಿ ಬಸ್ ಹತ್ತಿದರು. ದಾರಿಯುದ್ದಕ್ಕೂ ನಾನು ಗೊಣಗಿದೆ. ಆಟದ ಗೊಂಬೆಯ ವಿಳಾಸ ಹುಡುಕಿಕೊಂಡು ಊರೂರು ತಿರುಗುವ ಜನ ಎಲ್ಲಾದರೂ ಉಂಟೇ?

ಭದ್ರಾವತಿಯ ಜನ್ನಾಪುರದಲ್ಲಿ ಎರಡನೆಯವರನ್ನು ಕೇಳುವಷ್ಟರಲ್ಲಿ ಮನೆ ಸಿಕ್ಕಿತು. ಅಲ್ಲಿ ಹೂವಿನ ದುರ್ಗಮ್ಮ ಎಂದರೆ ಎಲ್ಲರಿಗೂ ಗೊತ್ತು. ಅರವತ್ತರ ಹೆಂಗಸು, ಜಗಲಿಯಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದರು. ನಮ್ಮ ಕಡೆ ತಿರುಗಿದರೂ ನೋಟ ನಮ್ಮ ಮೇಲೆ ನಿಲ್ಲಲಿಲ್ಲ.

"ಯಾರು?"

"ನಾನು ಶ್ರೇಯಸ್" ಎಂದರು ಸುವರ್ಣಮ್ಮ.

ದುರ್ಗಮ್ಮ ಹೂವನ್ನು ಮಡಿಲಿಗೆ ಹಾಕಿಕೊಂಡರು. "ಗದೆಯವನಾ? ಹುಡುಗ ಅಂದ್ಕೊಂಡಿದ್ನಲ್ಲಮ್ಮಾ!" ಎಂದು ನಕ್ಕರು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಒಂದು ವರ್ಷದಿಂದ ಮಸುಕಾಗುತ್ತಾ ಬಂದು, ಈಗ ಬೆಳಕು ಬಣ್ಣ ಬಿಟ್ಟರೆ ಏನೂ ಕಾಣದು. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಮನೇಲಿ ಯಾರ ಕೈಲಾದ್ರೂ ಒಂದು ಮಾತು ಬರೆಸಬಾರದಿತ್ತಾ?" ಎಂದರು ಸುವರ್ಣಮ್ಮ.

"ಬರೆಸಿದ್ರೆ ನೀವು ನನ್ನ ಸರದಿ ಮಾಡೇ ಮಾಡ್ತಿದ್ರಿ. ಮುಯ್ಯಾಳು ಅಂದ್ರೆ ನಂಗೂ ಗೊತ್ತಮ್ಮ. ತೀರಿಸಕ್ಕೆ ಆಗ್ದೇ ಇರೋಳು ಕರೀಬಾರ್ದು."

ಸುವರ್ಣಮ್ಮನಿಗೆ ಸಿಟ್ಟು ಬಂತು. ಅಳು ಬಂದಾಗಲೂ ಅವರಿಗೆ ಬರುವುದು ಸಿಟ್ಟೇ. "ನೀವು ತೀರಿಸಾಗಿದೆ. ಬಾಕಿ ಇರೋದು ನಾವು. ಎಲ್ಲಿ ಫೋನು?"

ಮುಂದೆ ನಡೆದದ್ದನ್ನು ನಮ್ಮ ಬ್ಯಾಂಕಿನಲ್ಲಿ ಯಾರಿಗೂ ಹೇಳಿಲ್ಲ. ದುರ್ಗಿಯನ್ನು ಆಡಿಸಲು ಸುವರ್ಣಮ್ಮ ದುರ್ಗಮ್ಮನ ಫೋನು ಹಿಡಿದರು. ದೈತ್ಯ ನನ್ನ ಪಾಲಿಗೆ ಬಂದ. "ಈ ಹಸಿರು ಗುಂಡಿ ಒತ್ತುತ್ತಾ ಇರು. ಬೇರೆ ಏನೂ ಮುಟ್ಬೇಡ" ಎಂದು ಕಟ್ಟಪ್ಪಣೆಯಾಯಿತು. ದುರ್ಗಿ ಬಂದದ್ದು ಕಂಡು ತಂಡದವರು ಒಬ್ಬೊಬ್ಬರಾಗಿ ಸೇರಿದರು. ಸರ್ಪ ಎದ್ದಿತು. ನಾನು ಮೊದಲ ಹೊಡೆತಕ್ಕೇ ದೈತ್ಯನನ್ನು ಕೆಡವಿಸಿಕೊಂಡೆ.

"ಸೌಂಡ್ ಯಾಕೆ ಇಲ್ಲ? ಜೋರು ಮಾಡಿ" ಎಂದರು ದುರ್ಗಮ್ಮ.

ಸುವರ್ಣಮ್ಮ ಗಂಡನಿಗೆ ಕೇಳಿಸೀತೆಂದು, ಸುನಿಲ್ ಕೆಲಸದ ಜಾಗದಲ್ಲಿ ಮೇಸ್ತ್ರಿಗೆ ಕೇಳಿಸೀತೆಂದು ಸದ್ದು ಅಡಗಿಸಿಯೇ ಆಡಿದವರು. ದುರ್ಗಮ್ಮ ಮಾತ್ರ ಕಣ್ಣು ಮಸುಕಾದಂತೆಲ್ಲ ಕಿವಿಗೊಟ್ಟು ಆಡಿದ್ದರು. ಸುವರ್ಣಮ್ಮ ಅಭ್ಯಾಸಬಲದಿಂದ ಅಡಗಿಸಿದ್ದ ಸದ್ದನ್ನು ಜೋರು ಮಾಡಿದ್ದೇ, ದುರ್ಗಮ್ಮ ಹೂ ಕಟ್ಟುತ್ತಲೇ ಹೇಳತೊಡಗಿದರು. "ಉಸಿರು ಎಳ್ಕೊಳ್ತಾ ಇದೆ, ಬೆಂಕಿ ಉಗಿಯತ್ತೆ, ಪಕ್ಕಕ್ಕೆ ಹೋಗಿ. ಈಗ ಬಾಲ ಉಜ್ತು, ಹಿಂದಿರೋರು ಹುಷಾರು. ಸುಸ್ತಾಯ್ತು, ಹೊಡೀರಿ!"

ಸುವರ್ಣಮ್ಮ ನನ್ನ ಕೈಯ ಫೋನಿನಲ್ಲಿ ಮೈಕ್ ಒತ್ತಿ, ಅದನ್ನು ದುರ್ಗಮ್ಮನ ಬಾಯಿಯ ಹತ್ತಿರ ಹಿಡಿಸಿದರು. ಗುಟ್ಟು ಹೋದರೆ ಹೋಗಲಿ ಎಂದು ತಾವೂ ಎರಡು ಬೀದಿಗೆ ಕೇಳುವಂತೆ, "ಅವರು ಹೇಳ್ದಂಗೆ ಮಾಡ್ರೋ!" ಎಂದು ಕೂಗಿದರು. ಆಮೇಲೆ ಒಬ್ಬನೂ ಬೀಳಲಿಲ್ಲ. ಬಿದ್ದಿದ್ದ ನನ್ನ ದೈತ್ಯನೂ ಎದ್ದ. ಏಳನೆಯ ಹೆಡೆ ಉರುಳಿದಾಗ ನಾನು ಕಿರುಚಿದ್ದಕ್ಕೆ ಎದುರು ಮನೆಯವರು ಬಾಗಿಲು ತೆರೆದು ನೋಡಿದರು.

"ಕುದುರೆ ಬಂತಾ?"

"ಬಂತು ದುರ್ಗಮ್ಮ."

"ಬಿಳೀದಾ?"

"ಬಿಳೀದು. ಬಾಲ ಮಾತ್ರ ಕೆಂಪು."

ದುರ್ಗಮ್ಮ ಫೋನು ಕೈಗೆ ತೆಗೆದುಕೊಂಡು ಮುಖದ ಹತ್ತಿರ ಹಿಡಿದು ನೋಡಿದರು. ಆಮೇಲೆ ಕಟ್ಟಿದ ಸೇವಂತಿಗೆಯನ್ನು ಮೊಳ ಹಾಕಿ ನಮ್ಮಿಬ್ಬರಿಗೂ ಕೊಟ್ಟು, "ಕಾಫಿ ಕುಡೀದೆ ಏಳಬಾರದು" ಎಂದರು. ದನಿ ಸಣ್ಣದಾಯಿತು. "ಆದ್ರೆ ಇದನ್ನ ನಾನು ಹೆಂಗೆ ತೀರಿಸ್ಲಿ?"

ಮೈಕ್ ಇನ್ನೂ ಹಾಗೇ ಆನ್ ಇತ್ತು. ನನ್ನ ಕೈಯ ಫೋನಿನಿಂದ ಸುನಿಲನ ದನಿ ಬಂತು. "ಅಕ್ಕಾ, ದುರ್ಗಕ್ಕಾ... ಮುಂದಿನ ಭಾನುವಾರ ಹೊಸ ಋತು, ಹೊಸ ಸರ್ಪ. ಮೊದಲ ಸರದಿ ನಂದು. ನೀವು ಬರ್ಲೇಬೇಕು. ನೀವಿಲ್ದೆ ನಾನು ಶುರು ಮಾಡಲ್ಲ."

ದುರ್ಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಫೋನು ಎಲ್ಲಿದೆ ಎಂದು ತಡವಿ, ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ಎಷ್ಟು ಗಂಟೆಗಪ್ಪಾ?" ಎಂದರು.