ಮೂಗಿಗೆ ಸಿಗದ ಮಾವು

ನನ್ನ ಗಂಡ ಮದುವೆ, ಮುಂಜಿಗಳ ಅಡುಗೆಯವರು. ಶಿರಸಿಯಿಂದ ಸಿದ್ದಾಪುರದವರೆಗೆ ಅವರ ಸಾರು ಸುರಿದು ಉಂಡವರು ಬಹಳ ಜನ. ಆದರೆ ಬಡಿಸುವ ಮೊದಲು ಅವರು ಅದರ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿದವರಲ್ಲ. ನೈವೇದ್ಯಕ್ಕೆ ಮೊದಲು ರುಚಿ ನೋಡಿದರೆ ಎಂಜಲಾಗುತ್ತದೆ. ಹಾಗಾಗಿ ನಮ್ಮ ಕಡೆಯ ಅಡುಗೆಯವರಿಗೆ ಮೂಗೇ ನಾಲಿಗೆ. ಇವರು ಕೊಪ್ಪರಿಗೆಯ ಮೇಲೆ ಬಗ್ಗಿ ಆವಿ ಎಳೆದುಕೊಂಡು, "ಇನ್ನೊಂದು ಮುಷ್ಟಿ ಉಪ್ಪು" ಅಂದರೆ ಮುಗಿಯಿತು. ಆ ಮೂಗಿನ ಬಗ್ಗೆ ಇವರಿಗೆ ಜಂಬವಿತ್ತು. ಸುಳ್ಳೇಕೆ ಹೇಳಲಿ, ನನಗೂ ಇತ್ತು.

ಇದ್ದದ್ದು ಒಂದೇ ಚಟ, ಕವಳ, ಅಂದರೆ ತಂಬಾಕು ಹಾಕಿದ ಎಲೆಯಡಿಕೆ. ಬಾಯೊಳಗೆ ಬಿಳಿ ಕಲೆ ಕಂಡು ಡಾಕ್ಟರು ಹೆದರಿಸಿದ ಮೇಲೆ ಕವಳದ ತಬಕನ್ನು ನಾನೇ ಅಟ್ಟಕ್ಕೆ ಹಾಕಿದೆ. ಇವರು ಮನೆ ತುಂಬ ಸಿಡುಕುತ್ತಾ ತಿರುಗತೊಡಗಿದರು. ಆಗಲೇ ಯಲ್ಲಾಪುರದಿಂದ ನನ್ನ ತಮ್ಮ ಬಂದ. ಎಲ್ಲಿಂದಲೋ ಕದ್ದು ತರಿಸಿದ ಇ-ಸಿಗರೇಟು, ಅದಕ್ಕೆ ತುಂಬುವ ರಸದ ಪುಟ್ಟ ಬಾಟಲಿಗಳು ಅವನ ಚೀಲದಲ್ಲಿದ್ದವು.

"ಕವಳ ಬಿಡವು ಹೇಳಾದ್ರೆ ಇದು ಚಲೋ ಭಾವಾ. ಬರೀ ಹಣ್ಣಿನ ಪರಿಮಳ" ಅಂದ.

ಇವರು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ಬಾಟಲಿಯ ರಸವನ್ನು ಅಂಗೈಗೆ ಬಿಟ್ಟು ಮೂಸಿದರು, ಆಮೇಲೆ ಎಳೆದು ನೋಡಿದರು. ಪುದಿನ ಅಂದದ್ದಕ್ಕೆ, ಹಲ್ಲುಜ್ಜುವ ಪೇಸ್ಟು ಅಂದರು. ಏಲಕ್ಕಿಯದನ್ನು, ಸಿಪ್ಪೆ ಸಮೇತ ಕುಟ್ಟಿದ್ದು ಎಂದು ತಳ್ಳಿದರು. ಮಾವಿನದು ಮಾತ್ರ ಪಾಸಾಯಿತು. ಅದಕ್ಕೂ, "ಹಣ್ಣು ಹದವಾಗಿ ಹಣ್ಣಾಜಿಲ್ಲೆ" ಎಂಬ ತಕರಾರು. ನಾನೂ ತಮ್ಮನೂ ಹೊಟ್ಟೆ ಹಿಡಿದು ನಕ್ಕೆವು.

"ತಂಬಾಕು ಇದ್ದಾ ಇದ್ರಲ್ಲಿ?" ಎಂದು ಕೇಳಿದೆ.

"ಇಲ್ಲೆ. ಇದ್ದಿದ್ರೆ ಯನ್ನ ಮೂಗಿಗೆ ಗೊತ್ತಾಗ್ತಿತ್ತು."

ಆ ಮೂಗು ಹೇಳಿದ ಮೇಲೆ ಮುಗಿಯಿತಲ್ಲ. ಬಾಟಲಿಯ ಮೇಲೆ ಏನು ಬರೆದಿದೆಯೆಂದು ನಮ್ಮಲ್ಲಿ ಯಾರೂ ತಿರುಗಿಸಿ ನೋಡಲಿಲ್ಲ.

ಕವಳವಾದರೆ ಊಟದ ಮೇಲೆ, ಮಾತಿನ ನಡುವೆ. ಇದಕ್ಕೆ ಹೊತ್ತುಗೊತ್ತೇ ಇರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಕಿಸೆಯಿಂದ ತೆಗೆದು ಎಳೆಯುವರು. ಬಾಟಲಿ ಖಾಲಿಯಾದ ದಿನ ನಿದ್ದೆಯಿಲ್ಲ, ಅನ್ನದ ಮೇಲೆ ಸಿಟ್ಟು. ಮತ್ತೆ ಅದೇ ಡಾಕ್ಟರ ಬಳಿ ಹೋದೆವು. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿ, "ಇದರಲ್ಲಿರೋದು ತಂಬಾಕಿನ ಸತ್ವವೇ. ಎಲೆಯ ವಾಸನೆ ಇರಲ್ಲ, ಅಷ್ಟೆ" ಅಂದರು. ಇವರ ಮುಖ ಸಣ್ಣದಾಯಿತು. ಡಾಕ್ಟರು ಬೈದದ್ದಕ್ಕಲ್ಲ, ಮೂಗು ಸೋತದ್ದಕ್ಕೆ. ಬಿಡುತ್ತೇನೆ ಎಂದರು. ಬಿಡಲಿಲ್ಲ.

ಅದೇ ವರ್ಷ ಸೋಂದಾದಲ್ಲಿ ನಮ್ಮ ನೆಂಟರೊಬ್ಬರ ಮನೆಯ ಮುಂಜಿ. ನಾನೂ ಹೋಗಿದ್ದೆ. ಇವರು ಸಾರಿನ ಮೇಲೆ ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು. ಮೂರನೆಯ ಸಲ ಬಗ್ಗಿದಾಗ ನಾನು ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತೆ. ನಾನಿದ್ದ ಬಾಗಿಲಿನವರೆಗೂ ಇಂಗಿನ ಒಗ್ಗರಣೆ ಘಮಘಮ ಬರುತ್ತಿತ್ತು. ಇವರು ಯಾರ ಮುಖವನ್ನೂ ನೋಡದೆ ಉಪ್ಪಿನ ಮೇಲೆ ಉಪ್ಪು ಸುರಿದರು. ಪಂಕ್ತಿಯಲ್ಲಿ ಸಾರನ್ನು ಎರಡನೆಯ ಸಲ ಯಾರೂ ಹಾಕಿಸಿಕೊಳ್ಳಲಿಲ್ಲ. ಮಜ್ಜಿಗೆ ಮಾತ್ರ ಬೇಗ ಖಾಲಿಯಾಯಿತು. ಆಮೇಲೆ ಅಡುಗೆಗೆ ಕರೆ ಬರುವುದು ಕಡಿಮೆಯಾಯಿತು, ಈಗ ನಿಂತೇಹೋಗಿದೆ.

ಮೂಗು ಹೋದದ್ದು ಆ ಇ-ಸಿಗರೇಟಿನಿಂದಲೋ, ವಯಸ್ಸಿನಿಂದಲೋ, ಡಾಕ್ಟರೂ ಗಟ್ಟಿಯಾಗಿ ಹೇಳಲಿಲ್ಲ. ತಮ್ಮನ ಜೊತೆ ನಾನು ಮಾತು ಬಿಟ್ಟಿದ್ದೇನೆ. ಅವನು ಒಳ್ಳೆಯದಕ್ಕೇ ತಂದ ಅನ್ನುವುದು ಗೊತ್ತು. ಆದರೂ ಅವನ ದನಿ ಕೇಳಿದರೆ ಮೈ ಉರಿಯುತ್ತದೆ.

ಮೊನ್ನೆ ಹುಲ್ಲಿನಲ್ಲಿಟ್ಟ ಮಾವು ಹಣ್ಣಾಗಿ ಮನೆಯೆಲ್ಲ ಪರಿಮಳ. ಒಂದನ್ನು ತೊಳೆದು ಇವರ ಕೈಗೆ ಕೊಟ್ಟೆ. ತೊಟ್ಟಿನ ಹತ್ತಿರ ಮೂಗಿಟ್ಟು ಬಹಳ ಹೊತ್ತು ಕೂತರು.

"ಹದವಾಗಿ ಹಣ್ಣಾಜಾ?" ಎಂದು ನನ್ನನ್ನೇ ಕೇಳಿದರು.

"ಆಜು" ಅಂದೆ.

ಹಣ್ಣನ್ನು ಕೆಳಗಿಟ್ಟು ಕಿಸೆಯಿಂದ ಅದನ್ನು ತೆಗೆದು ಎಳೆದರು. ಜಗಲಿಯ ತುಂಬ ಆ ಸುಳ್ಳು ಮಾವಿನ ಹೊಗೆ.

"ಇದ್ರ ಪರಿಮಳವೂ ಬತ್ತಿಲ್ಲೆ" ಅಂದರು, ಮತ್ತೆ ಎಳೆದರು.