ಅಕ್ಕನ ಕೋಳಿಗಳಿಗೆ ಬೇನೆ ಬಂದ ವರ್ಷ

ಇವತ್ತು ಬೆಳಿಗ್ಗೆ ಶಿರವಾಡದ ನಮ್ಮ ಅಡುಗೆಮನೆಯಲ್ಲಿ ಕೊತ್ತಂಬರಿ, ಕಾಳುಮೆಣಸು ಹುರಿಯುವ ವಾಸನೆ ಎದ್ದಿತ್ತು. ಅಷ್ಟರಲ್ಲಿ ಹೆಂಡತಿಯ ಮೊಬೈಲಿಗೆ ಯಾರೋ ಸುದ್ದಿ ಕಳಿಸಿದರು: ಎಲ್ಲೋ ಹಕ್ಕಿಜ್ವರ ಬಂದಿದೆಯಂತೆ, ಕೋಳಿ ಮುಟ್ಟಲೇಬೇಡಿ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು, "ಮಸಾಲೆ ಹುರದಾಯ್ತು. ಈಗ ಕೋಳಿ ತರೂದೋ ಬೇಡ್ವೋ?" ನನಗೆ ಉತ್ತರಕ್ಕಿಂತ ಮೊದಲು ಅಕ್ಕನ ನೆನಪು ಬಂತು. ನಿಮಗೂ ಹೇಳಿಬಿಡುತ್ತೇನೆ, ಕೋಳಿ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಅಕ್ಕ ಇರುವುದು ಅಂಕೋಲೆಯ ಹತ್ತಿರದ ಅವರ್ಸಾದಲ್ಲಿ. ಸ್ವಲ್ಪ ಗದ್ದೆ, ಹಿತ್ತಲಲ್ಲಿ ಒಂದು ಹಿಂಡು ಊರಕೋಳಿ. ಆ ವರ್ಷ ಅವಳ ಮಗಳು ರೇಖಾ ಮಲ್ಲಾಪುರದ ಗಂಡನ ಕ್ವಾರ್ಟರ್ಸಿನಿಂದ ಹೆರಿಗೆಗೆ ಬಂದಿದ್ದಳು. ಗಂಡು ಮಗು ಹುಟ್ಟಿತ್ತು. ನಮ್ಮಲ್ಲಿ ಬಾಣಂತಿಗೆ ಮೆಣಸು ಹಾಕಿದ ಕೋಳಿ ಸಾರು ಕೊಡುವುದುಂಟು. ಅದಕ್ಕೆಂದೇ ಅಕ್ಕ ಒಂದು ಕರೀ ಹೇಂಟೆಯನ್ನು ಮಾರದೆ, ಕೊಯ್ಯದೆ ಸಾಕಿಕೊಂಡಿದ್ದಳು.

ಆಗಲೂ ಹೀಗೆಯೇ ಹಕ್ಕಿಜ್ವರದ ಸುದ್ದಿ. ನಾನು ದಿನಾ ಫೋನು ಮಾಡಿ ಉಪದೇಶ ಕೊಡುತ್ತಿದ್ದೆ. ಶಿರವಾಡದಲ್ಲಿ ಕೂತು ಅವರ್ಸಾದ ಕೋಳಿಗಳ ಯೋಗಕ್ಷೇಮ ವಿಚಾರಿಸುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಅಕ್ಕ ನಗುತ್ತಿದ್ದಳು. "ನಮ್ಮ ಕೋಳಿ ಎಂತ ರೈಲು ಹತ್ತಿ ಊರು ತಿರುಗ್ತದ್ಯಾ ತಮಾ?"

ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಅರ್ಧದಷ್ಟು ಕೋಳಿ ಸತ್ತು ಬಿದ್ದಿದ್ದವು. ಕರೀ ಹೇಂಟೆ ಕತ್ತು ತಿರುಚಿಕೊಂಡು ಇನ್ನೂ ಉಸಿರಾಡುತ್ತಿತ್ತು. ಅಕ್ಕ ಹಿಂದುಮುಂದು ನೋಡದೆ ಬರಿಗೈಯಲ್ಲಿ ಎತ್ತಿ ತೊಡೆಯ ಮೇಲೆ ಹಾಕಿಕೊಂಡಳಂತೆ. ಬೇಲಿಯಾಚೆಯಿಂದ ಪಕ್ಕದ ಮನೆಯ ದೇವಮ್ಮ, "ಜೀವ ಇದ್ದಾಗ್ಲೇ ಕೊಯ್ದುಬಿಡೆ, ಸಾರಿಗಾದ್ರೂ ಆಗ್ತದೆ" ಎಂದಳು. ಅಕ್ಕ ಒಪ್ಪಲಿಲ್ಲ. "ಬೇನೆ ಬಂದ ಕೋಳಿ ನನ್ನ ಒಲೆ ಮೇಲೆ ಏರೂದಿಲ್ಲ. ಒಳಗೆ ಬಾಣಂತಿ ಮಲಗಿದ್ದಾಳೆ."

ಅಕ್ಕನ ಫೋನು ಬಂದು ನಾನು ಬಸ್ಸು ಹಿಡಿದು ಹೋಗುವ ಹೊತ್ತಿಗೆ ಕರೀ ಹೇಂಟೆಯೂ ಸತ್ತಿತ್ತು, ಪಶುವೈದ್ಯರು ಬಂದಿದ್ದರು. ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು. ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು, ಉಳಿದದ್ದನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸಿದರು. ಆಮೇಲೆ ಕೇಳಿದರು, "ಬರಿಗೈಲಿ ಮುಟ್ಟಿದವ್ರು ಯಾರು?" ಅಕ್ಕ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. ಜ್ವರ, ಕೆಮ್ಮು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೋಳಿ ಸತ್ತ ವಿಷಯ ಹೇಳಿ ಎಂದರು.

ಜ್ವರ ಬಂದೇ ಬಂತು. ಅಂಕೋಲೆಯ ಆಸ್ಪತ್ರೆಯಲ್ಲಿ ಗಂಟಲಿನ ದ್ರವ ತೆಗೆದುಕೊಂಡು, ಔಷಧಿ ಕೊಟ್ಟು, ವರದಿ ಬರುವವರೆಗೆ ಮನೆಯವರಿಂದ ದೂರ ಇರಬೇಕೆಂದರು. ನಾನು ಡಾಕ್ಟರರನ್ನು ಕೇಳಿದೆ, "ಬಾಣಂತಿಗೆ ಇನ್ನು ಕೋಳಿ, ಮೊಟ್ಟೆ ಯಾವುದೂ ಬೇಡ್ವಲ್ಲ?"

"ಯಾಕೆ ಬೇಡ? ಕಾಯಿಲೆ ಕೋಳಿ ಬೇಡ, ಅಷ್ಟೆ. ಒಳ್ಳೇ ಕೋಳಿ ತಂದು ಪೂರ್ತಿ ಬೇಯಿಸಿ. ಎಲುಬಿನ ಹತ್ರ ಕೆಂಪು ಉಳೀಬಾರದು. ಮೊಟ್ಟೆಯ ಹಳದಿ ಗಟ್ಟಿ ಆಗಬೇಕು. ಹಸಿ ಮಾಂಸ ಕೊಯ್ದ ಕತ್ತಿ, ಮಣೆ ತೊಳೀದೆ ಅದ್ರಲ್ಲೇ ಸೌತೆಕಾಯಿ ಹೆಚ್ಚಬೇಡಿ. ಕೈ ಸೋಪು ಹಾಕಿ ತೊಳೀರಿ."

ಅಕ್ಕ ಜಗಲಿಯ ಪಕ್ಕದ ಕೋಣೆ ಸೇರಿದಳು. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ದೇವಮ್ಮ ಬಂದಳು. ಅಡುಗೆ ನನ್ನ ಪಾಲಿಗೆ ಬಂತು. ನಾನು ಮಾಡಿದ ಗಂಜಿ ಹೇಗಿತ್ತೆಂದು ರೇಖಾ ಇವತ್ತಿಗೂ ಎಲ್ಲರೆದುರು ವರ್ಣಿಸುತ್ತಾಳೆ.

ಮಗು ಅತ್ತಾಗಲೆಲ್ಲ ಅಕ್ಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಂಗಳಕ್ಕೆ ಬಂದು, ಕಿಟಕಿಯಿಂದ ದೂರದಲ್ಲಿ ನಿಲ್ಲುತ್ತಿದ್ದಳು. "ಹೊಟ್ಟೆನೋವು ಕಾಣ್ತದೆ ರೇಖಾ. ಭುಜದ ಮೇಲೆ ಹಾಕ್ಕೊ. ಬೆನ್ನು ತಟ್ಟು."

"ನಂಗೆ ಆಗೂದಿಲ್ಲ ಆಯಿ, ನೀ ಒಳಗೆ ಬಾ" ಎಂದು ರೇಖಾ ಅಳುತ್ತಿದ್ದಳು.

"ಬರೂದಿಲ್ಲ. ತಟ್ಟು, ಇನ್ನೂ ಮೆಲ್ಲಗೆ."

ಅಂಗಳದಲ್ಲಿ ನಿಂತ ಅಕ್ಕನ ಕೈ ಗಾಳಿಯಲ್ಲೇ ಬೆನ್ನು ತಟ್ಟುತ್ತಿತ್ತು. ನಾನು ಒಲೆಯ ಮುಂದೆ ಹೋಗಿ ಕೂತೆ. ನನ್ನ ಹತ್ತಿರ ಉಪದೇಶ ಯಾವುದೂ ಉಳಿದಿರಲಿಲ್ಲ.

ಕೊನೆಗೆ ಎರಡೂ ವರದಿ ಬಂದವು. ಅಕ್ಕನದು ಸಾಮಾನ್ಯ ಶೀತಜ್ವರ. ಕೋಳಿಗಳದು ಹಕ್ಕಿಜ್ವರವಲ್ಲ, ಹಿಂದೆಯೂ ನಮ್ಮ ಕಡೆ ಬಂದು ಹೋದ ಕೊಕ್ಕರೆ ರೋಗ. ಅಷ್ಟರಲ್ಲಿ ಜ್ವರವೂ ಬಿಟ್ಟಿತ್ತು. ಡಾಕ್ಟರರು ಆಗಬಹುದೆಂದ ಮೇಲೆ ಅಕ್ಕ ಮಿಂದು, ಒದ್ದೆ ಕೂದಲಲ್ಲೇ ಒಳಗೆ ಬಂದು, ಗೋಡೆಗೆ ಒರಗಿ ಕಾಲು ಚಾಚಿದಳು. ರೇಖಾ ಮಗುವನ್ನು ಅವಳ ಕಾಲ ಮೇಲೆ ಮಲಗಿಸಿದಳು. ಅಕ್ಕ ಅವನನ್ನು ಎತ್ತಿ ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದಳು. ಆಮೇಲೆ, "ಎಷ್ಟ್ ಭಾರ ಆಗ್ಬಿಟ್ಟಾನೆ" ಎಂದಳು.

ಮರುದಿನ ನಾನು ಅಂಕೋಲೆಯಿಂದ ಕೋಳಿ ತಂದೆ. ಅಕ್ಕ ಅದನ್ನು ಮಾಂಸ ಎಲುಬು ಬಿಟ್ಟು ಬರುವಷ್ಟು ಬೇಯಿಸಿದಳು. ರೇಖಾ ಎರಡು ಸಲ ಹಾಕಿಸಿಕೊಂಡಳು.

ಇದೆಲ್ಲ ನೆನಪಾಗಿ ಇವತ್ತು ಅಕ್ಕನಿಗೇ ಫೋನು ಮಾಡಿದೆ. ಅವಳಿಗೂ ಅದೇ ಸುದ್ದಿ ಬಂದಿತ್ತು. ಈಗಲೂ ಕೋಳಿ ಸಾಕುತ್ತಾಳೆ.

"ನೀ ಎಂತ ಹೇಳೂದು ಬೇಡ ತಮಾ" ಎಂದಳು. "ಒಂದು ಕೋಳಿ ತೂಕಡಿಸಿದ್ರೂ ಮುಟ್ಟೂದಿಲ್ಲ, ಡಾಕ್ಟ್ರಿಗೆ ಫೋನ್ ಮಾಡ್ತೆ. ನೀ ಹೋಗಿ ಕೋಳಿ ತಗಾ. ಚೆನ್ನಾಗಿ ಬೇಯ್ಸಿ ತಿನ್ನಿ."

"ಹೇಳೂಕಲ್ಲ, ಕೇಳೂಕೆ ಫೋನ್ ಮಾಡಿದ್ದೆ" ಎಂದೆ. ಆ ಕಡೆ ಅಕ್ಕ ನಕ್ಕಳು. ನಂಬಿದಳೋ ಇಲ್ಲವೋ, ಗೊತ್ತಿಲ್ಲ.