ಪಿನ್ನು ಹೊಲಿದ ಅಂಗಿ

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಟೇಲರ್ ಮಾಸ್ತರಿಗೆ ಹೆಂಡತಿಯ ವಿಷಯದಲ್ಲಿ ಹೊಟ್ಟೆಕಿಚ್ಚು ಹುಟ್ಟಿತು. ನಗಬೇಡಿ, ಸಂಗತಿ ಅಂಥದ್ದೇ. ಬೆಳಿಗ್ಗೆ ಹಾಲು, ಬ್ರೆಡ್ಡು ತರಲು ಹೋದವರು ವಾಪಸು ಬಂದು ನೋಡಿದರೆ, ಹೆಂಡತಿ ಬಟ್ಟೆ ಬದಲಾಯಿಸಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಿದ್ದಳು. ಮೈಮೇಲಿದ್ದ ನೀಲಿ ಅಂಗಿ ಅವರು ಹೊಲಿದದ್ದಲ್ಲ.

ಮದುವೆಯಾಗಿ ನಲವತ್ತಾರು ವರ್ಷ. ಅಷ್ಟೂ ವರ್ಷ ಬೇರೊಬ್ಬ ದರ್ಜಿಯ ಹೊಲಿಗೆ ಆಕೆಯ ಮೈಗೆ ತಾಗಿರಲಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಆಕೆಯ ಎಡಗೈ ಸ್ವಾಧೀನ ತಪ್ಪಿತು. ಅದೇ ಹೊತ್ತಿಗೆ ಸೊಂಟ ಕೈಕೊಟ್ಟು ಮಾಸ್ತರು ಅಂಗಡಿ ಮುಚ್ಚಿದ್ದರು. ಅಂದಿನಿಂದ ದಿನಾ ಹೆಂಡತಿಗೆ ಅಂಗಿ ತೊಡಿಸುವುದೇ ಅವರ ಉದ್ಯೋಗ. ಎಡತೋಳು ಮೊದಲು, ಆಮೇಲೆ ಬಲತೋಳು, ಆಮೇಲೆ ಏಳು ಗುಂಡಿ. ಎಲ್ಲ ಸೇರಿ ಮೂರು ನಿಮಿಷ. ವಾರಕ್ಕೊಮ್ಮೆ ಕೈಗೆ ವ್ಯಾಯಾಮ ಮಾಡಿಸಲು ಬರುವ ನರ್ಸಮ್ಮ, "ಅವರೇ ಹಾಕ್ಕೊಳ್ಳಲಿ ಬಿಡಿ ಸಾರ್, ಎಷ್ಟು ಹೊತ್ತಾದ್ರೂ ಆಗಲಿ" ಎಂದರೆ ಮಾಸ್ತರು ದೊಡ್ಡದಾಗಿ ತಲೆಯಾಡಿಸುತ್ತಿದ್ದರು. ಆಕೆ ಮೆಟ್ಟಿಲಿಳಿದದ್ದೇ ತಡ, ಮತ್ತೆ ಅದೇ ರಾಗ. ಆ ಮೂರು ನಿಮಿಷ ಬಿಟ್ಟರೆ ಅವರಿಗೆ ದಿನದಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಮಾಸ್ತರು ಹಾಲಿನ ಪಾತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಬಗ್ಗಿ ಅಂಗಿ ನೋಡಿದರು. ಒಂದೊಂದು ಗುಂಡಿಯೂ ನಾಣ್ಯದಷ್ಟಿತ್ತು. ಅದೂ ಗಂಡಸರ ಅಂಗಿಯ ಹಾಗೆ ಬಲಪಟ್ಟಿಯ ಮೇಲೆ! ಎಡತೋಳು ಬಲತೋಳಿಗಿಂತ ಎರಡು ಬೆರಳು ಅಗಲ. ಹೊಲಿಗೆ ಮುಗಿಯುವಲ್ಲಿ ಮೂರು ಸಲ ಹಿಂದೆಮುಂದೆ ಓಡಿಸಿ ದಾರ ಕತ್ತರಿಸುವ ಚಾಳಿ ಇಡೀ ಬೀದಿಯಲ್ಲಿ ಒಬ್ಬನದೇ. ತುಟಿಯ ನಡುವೆ ಸದಾ ಗುಂಡುಪಿನ್ನು ಕಚ್ಚಿಕೊಂಡಿರುವ ಎದುರು ಸಾಲಿನ ಟೇಲರ್. ಅವನನ್ನು ಜನ ಕರೆಯುತ್ತಿದ್ದುದೂ ಪಿನ್ನು ಅಂತಲೇ.

"ಪಿನ್ನು ಹೊಲಿದಿದ್ದಾ?"

"ಹೂಂ."

"ಯಾಕೆ, ನಾನು ಸತ್ತಿದ್ನಾ?"

"ನಿಮ್ಮನ್ನೇ ಮೊದಲು ಕೇಳಿದ್ದು. ಒಂದ್ಸಲ ಅಲ್ಲ, ಮೂರು ಸಲ. ದೊಡ್ಡ ಗುಂಡಿ ಹಾಕಿಕೊಡ್ರೀ, ಒಂದೇ ಕೈಯಲ್ಲಿ ಹಾಕ್ಕೋತೀನಿ ಅಂದೆ. ಏನಂದ್ರಿ ನೀವು?"

ಮಾಸ್ತರಿಗೆ ನೆನಪಿತ್ತು. 'ನಾನಿದ್ದೀನಲ್ಲ, ನಿನಗ್ಯಾಕೆ ಆ ಕಷ್ಟ' ಎಂದಿದ್ದರು. ಅದನ್ನು ಪ್ರೀತಿ ಅಂತಲೇ ಅಂದುಕೊಂಡಿದ್ದರು, ಪಾಪ. ಹಾಲಿನ ಪಾತ್ರೆ ಕೆಳಗಿಟ್ಟು, ಸೊಂಟನೋವನ್ನೂ ಮರೆತು ರಸ್ತೆ ದಾಟಿದರು. ಮೈಯೆಲ್ಲ ಉರಿಯುತ್ತಿತ್ತು. ಅವನು ಅಳತೆ ತೆಗೆದುಕೊಂಡನೇ? ಇವಳು ಎಷ್ಟು ಹೊತ್ತು ಅಲ್ಲಿ ನಿಂತಿದ್ದಳು? ನಕ್ಕಳೇ? ನಲವತ್ತಾರು ವರ್ಷ ಸಂಸಾರ ಮಾಡಿದ ಮನುಷ್ಯ ಇಂಥ ಪ್ರಶ್ನೆ ಕೇಳಿಕೊಳ್ಳಬಾರದು, ಆದರೆ ಹೊಟ್ಟೆಕಿಚ್ಚಿಗೆ ವಯಸ್ಸು ಗೊತ್ತಾಗುವುದಿಲ್ಲ.

"ನನ್ನ ಹೆಂಡತಿ ನಿನ್ನ ಅಂಗಡಿಗೆ ಯಾವಾಗ ಬಂದ್ಳು?" ಬಾಗಿಲಲ್ಲೇ ನಿಂತು ಗುಡುಗಿದರು.

ಪಿನ್ನು ತುಟಿಯಿಂದ ಪಿನ್ನು ತೆಗೆದ. "ನೀವು ಬ್ಯಾಂಕಿಗೆ ಹೋದಾಗೊಂದ್ಸಲ, ಕ್ಷೌರಕ್ಕೆ ಹೋದಾಗೊಂದ್ಸಲ. ಕೂತ್ಕೊಳ್ಳಿ ಮಾಸ್ತರೇ."

"ಕೂರಕ್ಕೆ ಬಂದಿಲ್ಲ. ಏನು ಮಾಡಿದ್ಳು ಇಲ್ಲಿ?"

"ನನ್ನ ಡಬ್ಬದಲ್ಲಿದ್ದ ಗುಂಡಿಯೆಲ್ಲ ಸುರಿಸ್ಕೊಂಡು ಒಂದೊಂದಾಗಿ ಹಾಕಿ ನೋಡಿದ್ರು. ಎರಡು ಗಂಟೆ. ಎಷ್ಟೋ ಜಾರಿ ಬಿತ್ತು, ಅಕ್ಕ ಒಂದ್ಸಲ ಅತ್ತೂಬಿಟ್ರು. ನಾನು ಸುಮ್ನೆ ಇಸ್ತ್ರಿ ಮಾಡ್ತಾ ಇದ್ದೆ."

ಇದು ಮಾಸ್ತರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅಳುವುದಾದರೆ ಗಂಡನ ಮುಂದೆ ಅಳಬೇಕು. ಈ ಪಿನ್ನುವಿನ ಮುಂದೆ ಯಾಕೆ?

"ನನ್ನ ಮುಂದೆ ಯಾಕೆ ಮಾಡಲಿಲ್ಲ ಇದನ್ನೆಲ್ಲ?"

"ನಾನೂ ಅದೇ ಕೇಳಿದೆ. 'ಅವರ ಮುಂದೆ ತಪ್ಪು ಮಾಡೋಕೂ ಪುರುಸೊತ್ತು ಸಿಗಲ್ಲಪ್ಪ, ಅಷ್ಟರಲ್ಲಿ ಕೈ ಹಾಕ್ತಾರೆ' ಅಂದ್ರು."

ಮಾಸ್ತರು ಪೆಚ್ಚಾಗಿ ಮನೆಗೆ ಬಂದರು. ಜ್ಞಾನೋದಯವಾಯಿತು ಅಂದುಕೊಳ್ಳಬೇಡಿ, ಅಂಥದ್ದೇನೂ ಆಗಲಿಲ್ಲ. ಪಿನ್ನುಗಿಂತ ಒಳ್ಳೆಯ ಅಂಗಿ ಹೊಲಿಯಬೇಕು ಅನ್ನುವ ಹಟ ಮಾತ್ರ ಹುಟ್ಟಿತು. ಮೂಲೆಯಲ್ಲಿ ಚಾದರ ಹೊದ್ದು ಮಲಗಿದ್ದ ಯಂತ್ರಕ್ಕೆ ಎಣ್ಣೆ ಬಿಟ್ಟರು. ಆರು ದಿನ ಬೇಕಾಯಿತು, ಹದಿನೈದು ನಿಮಿಷಕ್ಕೊಮ್ಮೆ ಎದ್ದು ಸೊಂಟ ಹಿಡಿದುಕೊಂಡು ಓಡಾಡಬೇಕಿತ್ತು. ಕಾಜಗಳನ್ನು ಓರೆಯಾಗಿ ಕತ್ತರಿಸಿದರು, ಹೆಬ್ಬೆರಳಲ್ಲಿ ಒಮ್ಮೆ ತಳ್ಳಿದರೆ ಗುಂಡಿ ನುಸುಳುವ ಹಾಗೆ. ಪಿನ್ನುಗೆ ಈ ಬುದ್ಧಿ ಹೊಳೆದಿರಲಿಲ್ಲ. ಆ ಸಂತೋಷಕ್ಕೆ ಅವತ್ತು ಎರಡು ಲೋಟ ಟೀ ಕುಡಿದರು.

ಏಳನೆಯ ದಿನ ಹೆಂಡತಿ ಹೊಸ ಅಂಗಿಯನ್ನು ತೊಡೆಯ ಮೇಲೆ ಹರವಿ, ಕಾಜಗಳನ್ನು ಸವರಿ ನೋಡಿ, "ಚೆನ್ನಾಗಿದೆ. ಹೊರಗೆ ಹೋಗಿ" ಎಂದಳು. ಬಾಗಿಲು ಮುಚ್ಚಿತು. ಮಾಸ್ತರು ಆಚೆ ನಿಂತರು. ಹತ್ತು ನಿಮಿಷ. ಒಳಗೆ ಏನೋ ಬಿದ್ದ ಸದ್ದು.

"ಬರ್ಲೇನೇ?"

"ಬೇಡ!"

ಇಪ್ಪತ್ತೈದು ನಿಮಿಷಕ್ಕೆ ಬಾಗಿಲು ತೆರೆಯಿತು. ಹೆಂಡತಿಯ ಹಣೆ ಬೆವೆತಿತ್ತು. ಮೂರನೆಯ ಗುಂಡಿ ನಾಲ್ಕನೆಯ ಕಾಜಕ್ಕೆ ಹೋಗಿ, ಅಲ್ಲಿಂದ ಕೆಳಗೆ ಎಲ್ಲವೂ ಒಂದು ಮನೆ ತಪ್ಪಿ ಕೂತು, ಎದೆಯ ಹತ್ತಿರ ಬಟ್ಟೆ ಗುಬುಟಾಗಿತ್ತು. ಆಕೆಗೆ ಗೊತ್ತಿರಲಿಲ್ಲ. "ನಡೀರಿ, ತರಕಾರಿ ತರೋಣ" ಎಂದು ಕೋಲು ತೆಗೆದುಕೊಂಡಳು.

ತರಕಾರಿ ಅಂಗಡಿಗೆ ಪಿನ್ನುವಿನ ಅಂಗಡಿಯ ಮುಂದೆಯೇ ಹೋಗಬೇಕು. ಜೀವಮಾನದಲ್ಲಿ ಒಂದು ಕಾಲರೂ ಸೊಟ್ಟಗಾಗಲು ಬಿಡದ ಮನುಷ್ಯನ ಕೈ ತಾನಾಗಿ ಮೇಲೆದ್ದಿತು. ಮೂರು ನಿಮಿಷದ ಕೆಲಸ, ಅದೂ ಬೇಡ, ಅರ್ಧ ನಿಮಿಷ. ಹೆಂಡತಿ ಆ ಕೈಯನ್ನೇ ನೋಡಿದಳು. ಮಾಸ್ತರು ಅದೇ ಕೈಯಲ್ಲಿ ಚೀಲ ಎತ್ತಿಕೊಂಡರು.

ಪಿನ್ನು ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಗುಂಡಿಯ ಸಾಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ದರ್ಜಿಯ ಕಣ್ಣು, ತಪ್ಪುವುದುಂಟೇ?

"ಹೊಸ ಅಂಗಿನಾ ಅಕ್ಕ? ಯಾರು ಹೊಲಿದಿದ್ದು?"

ಆಕೆ ಬಾಯಿ ತೆರೆಯುವ ಮೊದಲೇ ಮಾಸ್ತರು ಹೇಳಿದರು: "ಹೊಲಿದಿದ್ದು ನಾನು. ಹಾಕ್ಕೊಂಡಿದ್ದು ಅವಳೇ."